ಮೀನಖಂಡ ಮತ್ತು ಓರಗಿತ್ತಿ

ಜನವರಿ ೯, ಸೋಮವಾರ

ಇವತ್ತು ಅರವತ್ತೈದು ಕಿಲೋ ಎತ್ತಿ ನೆಲಕ್ಕೆ ಇಳಿಸುವಷ್ಟರಲ್ಲಿ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಹಿಡಿದುಕೊಂಡಿತು ಎಂದರೆ ಸಾಲದು, ಚರ್ಮದ ಕೆಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಮೂವತ್ತೊಂದು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವಳು ನಾನು, ಹಿಂಡುವುದು ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಬ್ಬರು ಹಾಸಿನ ಮೇಲೆ ಕುಕ್ಕರಿಸಿಬಿಟ್ಟೆ. ಬಾಯಿಂದ ಹೊರಬಿದ್ದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಕೋಚ್ ಓಡಿ ಬಂದಳು. ಅವಳಿಗಿಂತ ಮೊದಲೇ ಓರಗಿತ್ತಿ ಬಂದು ನನ್ನ ಮುಂದೆ ಮಂಡಿಯೂರಿ, ಶೂ ಕಿತ್ತು, ಕಾಲ್ಬೆರಳುಗಳನ್ನು ನನ್ನ ಮುಖದ ಕಡೆಗೆ ಒತ್ತಿ ಹಿಡಿದಳು. "ಉಸಿರು ಬಿಡಿ ಅಕ್ಕ, ಉಸಿರು ಹಿಡ್ಕೋಬೇಡಿ," ಎಂದಳು. ಅವಳ ಒಂದು ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ನಾನು ಸಾಯುತ್ತಿದ್ದರೆ ಇವಳಿಗೆ ಮನೆಗೆ ಹೋಗುವ ಹೊತ್ತು ಎಷ್ಟಾಯಿತು ಎಂಬ ಯೋಚನೆ.

ನಾಲ್ಕು ವರ್ಷದಿಂದ ಈ ಜಿಮ್‌ಗೆ ಬರುತ್ತಿದ್ದೇನೆ. ಅವಳು ಬಂದು ಎಂಟು ತಿಂಗಳು. ಕರೆದುಕೊಂಡು ಬಂದವಳೂ ನಾನೇ. ಮೈದುನ ತೀರಿಕೊಂಡ ಮೇಲೆ ಮನೆಯಲ್ಲಿ ಕಿಟಕಿ ನೋಡುತ್ತ ಕೂತಿರುತ್ತಿದ್ದಳು, ಪಾಪ ಅನ್ನಿಸಿತು. ಗ್ರಂಥಾಲಯದಲ್ಲಿ ಕಾರ್ಡು ಬರೆದುಕೊಂಡಿದ್ದವಳು, ಪೆನ್ನಿಗಿಂತ ಭಾರದ ವಸ್ತು ಮುಟ್ಟಿದವಳಲ್ಲ, ವಾರ ಕಳೆದರೆ ತಾನೇ ಬಿಟ್ಟು ಹೋಗುತ್ತಾಳೆ ಎಂದುಕೊಂಡಿದ್ದೆ. ಇವತ್ತು ಅರವತ್ತು ಕಿಲೋ ಎತ್ತಿದಳು. ಅರವತ್ತೊಂದು ವರ್ಷ ಅವಳಿಗೆ, ನನಗೆ ಅರವತ್ನಾಲ್ಕು. ಅವಳ ಕಾಲನ್ನು ಏನೂ ಹಿಡಿದುಕೊಳ್ಳುವುದಿಲ್ಲ.

ಜನವರಿ ೧೧, ಬುಧವಾರ

ದೊಡ್ಡ ಸುದ್ದಿ. ಮಾರ್ಚ್ ಹನ್ನೆರಡಕ್ಕೆ ಎಲ್ಲ ಜಿಮ್‌ಗಳ ನಡುವೆ ಸ್ಪರ್ಧೆ. ಈ ಸಲ ಮೊದಲ ಬಾರಿಗೆ ಅರವತ್ತು ದಾಟಿದ ಹೆಂಗಸರ ವಿಭಾಗ ಇಟ್ಟಿದ್ದಾರೆ. ಡೆಡ್‌ಲಿಫ್ಟ್ ಮಾತ್ರ, ಅಂದರೆ ನೆಲದ ಮೇಲಿನ ಬಾರನ್ನು ತೊಡೆಯ ತನಕ ಎತ್ತಿ ನೆಟ್ಟಗೆ ನಿಲ್ಲುವುದು. ನನ್ನದೇ ವಿದ್ಯೆ. ಹೋದ ವರ್ಷ ಎಪ್ಪತ್ತೆರಡೂವರೆ ಎತ್ತಿದ್ದೇನೆ, ಆ ದಿನ ಕೋಚ್ ಶಿಳ್ಳೆ ಹೊಡೆದಿದ್ದಳು.

ನಾಲ್ಕು ವರ್ಷದಿಂದ ಇದಕ್ಕೇ ಕಾಯುತ್ತಿದ್ದೆ. ಕಿರಿಯರೆಲ್ಲ ಪದಕ ನೇತುಹಾಕಿಕೊಂಡು ಬರುವಾಗ ಚಪ್ಪಾಳೆ ತಟ್ಟಿ ತಟ್ಟಿ ನನ್ನ ಅಂಗೈ ಸವೆದಿದೆ.

ಆದರೆ ಒಂದು ಜಿಮ್‌ನಿಂದ ಒಬ್ಬರಿಗೆ ಮಾತ್ರ ಜಾಗ. ಕೋಚ್ ನಮ್ಮಿಬ್ಬರನ್ನೂ ನಿಲ್ಲಿಸಿ ಹೇಳಿದಳು: "ಒಂದು ದಿನದ ಅದೃಷ್ಟ ನೋಡಲ್ಲ ಆಂಟಿ. ಫೆಬ್ರವರಿ ಹದಿನೇಳರವರೆಗೆ ಆರು ವಾರದ ಪುಸ್ತಕ ನೋಡ್ತೀನಿ. ಯಾರದ್ದು ಜಾಸ್ತಿಯೋ ಅವರು."

ಪುಸ್ತಕ ಎಂದರೆ ದಿನದಿನ ಎತ್ತಿದ ಭಾರದ ಲೆಕ್ಕ, ನಮ್ಮಲ್ಲಿ ಯಾರೂ ತಮ್ಮದನ್ನು ತಾವು ಬರೆಯುವಂತಿಲ್ಲ. ಜೋಡಿಯವರು ಬರೆಯಬೇಕು. ತನ್ನ ತೂಕ ತಾನೇ ಬರೆದುಕೊಂಡರೆ ಪೆನ್ನು ಉದಾರಿ ಆಗುತ್ತದೆ ಎಂದು ಕೋಚ್ ಹೇಳುತ್ತಾಳೆ. ನನ್ನ ಪುಸ್ತಕ ಓರಗಿತ್ತಿ ಬರೆಯುತ್ತಾಳೆ, ಅವಳದ್ದು ನಾನು. ಪುಸ್ತಕಗಳು ಬಾಗಿಲ ಪಕ್ಕದ ಕಬ್ಬಿಣದ ಕಪಾಟಿನಲ್ಲಿ ಎಲ್ಲರ ಕೈಗೂ ಸಿಗುವ ಹಾಗೆ ಇರುತ್ತವೆ. ನನ್ನದನ್ನು ನಾನು ತೆರೆದು ನೋಡಿಲ್ಲ. ಅವಳ ಮುತ್ತಿನಂಥ ಅಕ್ಷರ ಕಂಡರೆ ಮೈ ಉರಿಯುತ್ತದೆ. ಅತ್ತೆ ಇದ್ದಷ್ಟು ದಿನ ಬಂದು ಹೋದವರಿಗೆಲ್ಲ "ನಮ್ಮ ಕಿರಿ ಸೊಸೆ ಬರವಣಿಗೆ ನೋಡಿ" ಎಂದು ಕಾಗದ ತೋರಿಸುತ್ತಿದ್ದರು. ಹಿರಿ ಸೊಸೆ ಒಗೆದ ಹಾಸಿಗೆಬಟ್ಟೆಯ ಮೇಲೆ ಕೂತುಕೊಂಡೇ ತೋರಿಸುತ್ತಿದ್ದರು.

ಜನವರಿ ೨೦, ಶುಕ್ರವಾರ

ಮತ್ತೆ ಸೆಳೆತ. ಈ ಸಲ ಎರಡೂ ಕಾಲು. ಬಾಳೆಹಣ್ಣು ತಿಂದೆ, ಬಿಸಿನೀರಲ್ಲಿ ಕಾಲಿಟ್ಟೆ, ಎಣ್ಣೆ ತಿಕ್ಕಿದೆ. ನಮ್ಮವರು ಗಡಿಯಾರ ರಿಪೇರಿ ಮಾಡುತ್ತಿದ್ದವರು, ಎಲ್ಲಕ್ಕೂ ಸ್ಪ್ರಿಂಗ್ ಕಾರಣ ಅನ್ನುತ್ತಾರೆ. "ಪೈಲ್ವಾನರೇ, ಕೀ ಜಾಸ್ತಿ ಕೊಟ್ಟಿದ್ದೀರಿ, ಒಂದೆರಡು ಸುತ್ತು ಬಿಚ್ಚಿ," ಎಂದರು. ನಗು ಬರಲಿಲ್ಲ.

ಇದು ನನ್ನ ಡೈರಿ, ಹಾಗಾಗಿ ಒಂದು ಮಾತು ಬರೆದುಬಿಡುತ್ತೇನೆ. ನಾನು ನೀರು ಕುಡಿಯುತ್ತಿಲ್ಲ. ಭಾರ ಎತ್ತುವಾಗ ಹನಿ ಜಾರುತ್ತದೆ. ಮೂರು ಹೆತ್ತವಳ ದೇಹ, ಏನು ಮಾಡಲಿ. ಜಿಮ್‌ನ ಹೆಂಗಸರ ಬಾತ್‌ರೂಮ್ ಎರಡು ಮಹಡಿ ಮೇಲಿದೆ, ಪ್ರತಿ ಹತ್ತು ನಿಮಿಷಕ್ಕೆ ಮೆಟ್ಟಿಲು ಹತ್ತಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಅದಕ್ಕೇ ಮಧ್ಯಾಹ್ನ ಒಂದರಿಂದ ಬಾಯಿ ಕಟ್ಟಿಬಿಡುತ್ತೇನೆ. ತೋರಿಕೆಗೆ ಬಾಟಲಿ ತುಂಬಿಸಿಕೊಂಡು ಹೋಗಿ, ತುಂಬಿದ್ದನ್ನೇ ವಾಪಸು ತರುತ್ತೇನೆ. ನಮ್ಮವರಿಗೂ ಹೇಳಿಲ್ಲ. ಇದಕ್ಕೂ ಕಾಲಿಗೂ ಸಂಬಂಧ ಇರಲಾರದು. ನೀರು ಹೊಟ್ಟೆಗೆ ಹೋಗುವುದು, ಮೀನಖಂಡಕ್ಕಲ್ಲ.

ಓರಗಿತ್ತಿ ಅರವತ್ತೆರಡೂವರೆ. ಎತ್ತುವಾಗ ಅವಳ ಮುಖದಲ್ಲಿ ಒಂದು ಗೆರೆ ಕೂಡ ಅಲ್ಲಾಡುವುದಿಲ್ಲ. ಕಪಾಟಿನಿಂದ ಪುಸ್ತಕ ತೆಗೆದಷ್ಟು ಸಲೀಸು.

ಜನವರಿ ೨೩, ಸೋಮವಾರ

ಬೆಳಗಿನ ಜಾವ ಹಾಸಿಗೆಯಲ್ಲೇ ಬಲಗಾಲು ಹಿಡಿಯಿತು. ಸಂಜೆ ಐವತ್ತೈದಕ್ಕೆ ಇನ್ನೊಮ್ಮೆ. ಅರ್ಧಕ್ಕೆ ನಿಲ್ಲಿಸಿ ಬಂದೆ. ಅವಳು ನನ್ನ ಬ್ಯಾಗು ಹೊತ್ತುಕೊಂಡು ಮನೆತನಕ ಬಂದಳು, ಬೇಡ ಎಂದರೂ ಬಿಡಲಿಲ್ಲ. ದಾರಿಯಲ್ಲಿ ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ, "ಬಾಟಲಿ ಭಾರ ಇದೆ ಅಕ್ಕ," ಎಂದಳು. ಅರವತ್ತು ಕಿಲೋ ಎತ್ತುವವಳಿಗೆ ಒಂದು ಲೀಟರ್ ಬಾಟಲಿ ಭಾರವಂತೆ! "ಭಾರ ಆದ್ರೆ ಇಟ್ಟು ಹೋಗು," ಎಂದೆ.

ನಮ್ಮವರು ಬಾಗಿಲಲ್ಲೇ "ಎಷ್ಟು ಒಳ್ಳೆ ಜೀವ ನೋಡು," ಎಂದರು. ನಾನೇನು ಕೆಟ್ಟ ಜೀವವೇ?

ಫೆಬ್ರವರಿ ೧, ಬುಧವಾರ

ಬರೆಯಬೇಕೋ ಬೇಡವೋ.

ಅವಳು ಅರವತ್ತೈದು ಎತ್ತಿದಳು. ನಾನು ಇವತ್ತು ಅರವತ್ತರ ಮೇಲೆ ಹೋಗಲಾಗಲಿಲ್ಲ, ಪಾದದ ಅಡಿಯೇ ಮುದುಡಿಕೊಂಡಿತು. ಕೋಚ್ ಆ ತುದಿಯಲ್ಲಿ ಹೊಸಬರಿಗೆ ಬೆನ್ನು ನೆಟ್ಟಗೆ ಹಿಡಿಯುವುದು ಹೇಳಿಕೊಡುತ್ತಿದ್ದಳು. ಓರಗಿತ್ತಿ ಗೋಡೆ ಕನ್ನಡಿಯ ಕೆಳಗಿನ ನಲ್ಲಿಗೆ ಕೈ ತೊಳೆಯಲು ಹೋದಳು. ನಾನು ಅವಳ ಪುಸ್ತಕ ತೆರೆದು ಅರವತ್ತೆರಡೂವರೆ ಎಂದು ಬರೆದೆ.

ಕೈ ನಡುಗಲಿಲ್ಲ. ಅದೇ ಆಶ್ಚರ್ಯ. ಎರಡೂವರೆ ಕಿಲೋ ಎಂದರೇನು, ಆಸ್ಪತ್ರೆಯ ಎರಡು ದಿಂಬು. ಇಷ್ಟಕ್ಕೂ ಮೂರನೆಯ ಸಲ ಎತ್ತುವಾಗ ಅವಳ ಮೊಣಕಾಲು ಪೂರ್ತಿ ನೆಟ್ಟಗಾಗಿತ್ತೋ ಇಲ್ಲವೋ. ನನಗೆ ಅನುಮಾನ ಇತ್ತು. ಅನುಮಾನ ಇದ್ದಾಗ ಕಡಿಮೆ ಬರೆಯುವುದೇ ನ್ಯಾಯ.

ಫೆಬ್ರವರಿ ೩, ಶುಕ್ರವಾರ

ಅರವತ್ತೈದು ಮತ್ತೆ ಎತ್ತಿದಳು. ಅರವತ್ತೆರಡೂವರೆ ಎಂದು ಮತ್ತೆ ಬರೆದೆ. ಒಂದು ದಿನ ಅರವತ್ತೈದು ಬರೆದರೆ ಹಿಂದಿನದು ತಪ್ಪಾಗಿ ಕಾಣುತ್ತದಲ್ಲ.

ಫೆಬ್ರವರಿ ೮, ಬುಧವಾರ

ನಾಟಕ ನೋಡಿ ಸಾಕಾಯಿತು. ಓರಗಿತ್ತಿಗೆ ಮಂಡಿ ನೋವಂತೆ! ಮೆಟ್ಟಿಲು ಹತ್ತಲಾಗುವುದಿಲ್ಲವಂತೆ! ಕೋಚ್ ಹತ್ತಿರ ಹೋಗಿ ಮೆಲ್ಲಗೆ ಹೇಳಿ, ಕೆಳಗೆ ಸಾಮಾನು ಕೋಣೆಯ ಪಕ್ಕ ವರ್ಷಗಟ್ಟಲೆ ಬೀಗ ಹಾಕಿದ್ದ ಬಾತ್‌ರೂಮನ್ನು ತೆಗೆಸಿದ್ದಾಳೆ. ಒಳಗಿದ್ದ ಮುರಿದ ಸೈಕಲ್, ಪೇಂಟ್ ಡಬ್ಬಿ ಎಲ್ಲ ಹೊರಗೆ ಬಂತು. ಮಹಾರಾಣಿಯವರ ಮಂಡಿಗೆ ಅಷ್ಟು ಉಪಚಾರ. ಅದೇ ಮಂಡಿಯಲ್ಲಿ ಹತ್ತು ನಿಮಿಷದ ಮೇಲೆ ಅರವತ್ತೇಳೂವರೆ ಎತ್ತಿದಳು.

"ನೀವೂ ಇದನ್ನೇ ಉಪಯೋಗಿಸಿ ಅಕ್ಕ, ಹತ್ತಿರ ಇದೆ," ಎಂದಳು.

"ನನ್ನ ಮಂಡಿ ಗಟ್ಟಿ ಇದೆ," ಎಂದೆ. ಬೇಕೆಂದೇ ಎರಡು ಮಹಡಿ ಹತ್ತಿ ಇಳಿದೆ, ಹೋಗುವ ಕೆಲಸವಿಲ್ಲದಿದ್ದರೂ. ಇಳಿಯುವಾಗ ಕೊನೆಯ ಮೆಟ್ಟಿಲಲ್ಲಿ ಬಲ ಪಾದ ಸೆಳೆದುಕೊಂಡು ಗೋಡೆ ಹಿಡಿದು ನಿಂತೆ. ಅವಳು ನೋಡಿದಳು. ನೋಡಿ ಗಡಿಯಾರ ನೋಡಿದಳು.

ಅವಳ ಪುಸ್ತಕದಲ್ಲಿ ಅರವತ್ತೈದು ಬರೆದೆ. ಈಗ ಅಭ್ಯಾಸ ಆಗಿದೆ.

ಫೆಬ್ರವರಿ ೧೫, ಬುಧವಾರ

ಇವತ್ತು ನನ್ನ ದೇಹ ನನ್ನ ಮಾತು ಕೇಳಿತು. ಅರವತ್ತೇಳೂವರೆ! ಸೆಳೆತ ಬರುವ ಮೊದಲೇ ಎತ್ತಿ ಇಳಿಸಿಬಿಟ್ಟೆ, ಇಳಿಸಿದ ಮೇಲೆ ಬಂತು. ಬಂದರೆ ಬರಲಿ.

ಅವಳು ಎಪ್ಪತ್ತು.

ಎಪ್ಪತ್ತು ಎತ್ತಿ ನಿಂತು, ನನ್ನ ಕಡೆ ತಿರುಗಿ ನಕ್ಕಳು. ಎಂಟೊಂಬತ್ತು ತಿಂಗಳಲ್ಲಿ ಎಪ್ಪತ್ತು. ನನಗೆ ಎರಡು ವರ್ಷ ಹಿಡಿದಿತ್ತು. ಹೊಟ್ಟೆಯೊಳಗೆ ಬಾಯ್ಲರ್ ಹೊತ್ತಿಕೊಂಡ ಹಾಗಾಯಿತು, ಸುಳ್ಳೇಕೆ ಹೇಳಲಿ. ಒಂದು ಕ್ಷಣ ಇವಳ ಕಾಲೂ ಒಮ್ಮೆ ಹಿಡಿದುಕೊಳ್ಳಬಾರದೇ ಅನ್ನಿಸಿತು. ಒಂದೇ ಒಂದು ಸಲ, ನನ್ನಷ್ಟೇ ಜೋರಾಗಿ.

ಪುಸ್ತಕದಲ್ಲಿ ಅರವತ್ತೈದು ಬರೆದೆ. ಐದು ಕಿಲೋ ನುಂಗಿದೆ.

ಫೆಬ್ರವರಿ ೧೭, ಶುಕ್ರವಾರ

ನಾನು ಆಯ್ಕೆಯಾದೆ.

ಕೋಚ್ ಎರಡೂ ಪುಸ್ತಕ ಅಕ್ಕಪಕ್ಕ ಇಟ್ಟು ಬೆರಳಾಡಿಸಿದಳು. "ದೊಡ್ಡ ಆಂಟಿ ಅರವತ್ತೇಳೂವರೆ, ಚಿಕ್ಕ ಆಂಟಿ ಅರವತ್ತೈದು. ದೊಡ್ಡ ಆಂಟಿ ಹೋಗ್ತಾರೆ." ಹುಬ್ಬು ಗಂಟಿಕ್ಕಿ ಓರಗಿತ್ತಿಯನ್ನು ನೋಡಿದಳು. "ನೀವು ಇನ್ನೂ ಜಾಸ್ತಿ ಎತ್ತಿದ್ರಿ ಅಂದ್ಕೊಂಡಿದ್ದೆ ಆಂಟಿ."

ಓರಗಿತ್ತಿ, "ಪುಸ್ತಕದಲ್ಲಿ ಏನಿದೆಯೋ ಅದೇ," ಎಂದಳು. ಅಷ್ಟೇ. ಬೆಲ್ಟ್ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟಳು.

ಕೋಚ್ ನನಗೆ ಹೇಳಿದಳು: "ಆ ಕಾಲು ಹೀಗೇ ಇದ್ರೆ ನಾನು ನಿಮ್ಮನ್ನ ಅಲ್ಲಿ ನಿಲ್ಲಿಸಲ್ಲ. ಮಂಗಳವಾರ ಫಿಸಿಯೋ ಹತ್ರ ಹೋಗಿ. ನಿಮ್ಮ ಪುಸ್ತಕ ತಗೊಂಡು ಹೋಗಿ, ಅವರು ಕೇಳ್ತಾರೆ."

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಕುಣಿದಾಡಿದರು. ನಾನು ನಾಲ್ಕು ವರ್ಷ ಕಾದ ಸುದ್ದಿ ಇದು. ಊಟ ಯಾಕೋ ಸೇರಲಿಲ್ಲ.

ಫೆಬ್ರವರಿ ೨೧, ಮಂಗಳವಾರ

ನಿಧಾನವಾಗಿ ಬರೆಯುತ್ತೇನೆ, ಒಂದೂ ಬಿಡಬಾರದು.

ಫಿಸಿಯೋ ಐವತ್ತರ ಆಸುಪಾಸಿನ ಮನುಷ್ಯ, ದಪ್ಪ ಕನ್ನಡಕ. ಕಾಲು ಒತ್ತಿ, ಎಳೆದು, ಬಗ್ಗಿಸಿ ನೋಡಿದರು. ಯಾವ ಮಾತ್ರೆ ತಗೊಳ್ತೀರಿ ಎಂದರು. ಡಿಸೆಂಬರಿನಲ್ಲಿ ಬದಲಾದ ಬಿಪಿ ಮಾತ್ರೆ ತೋರಿಸಿದೆ. ಯಾವಾಗೆಲ್ಲ ಸೆಳೆತ ಬಂತು ಎಂದರು. "ಯಾರಿಗೆ ನೆನಪಿರುತ್ತೆ," ಎಂದೆ. ಅವರು ಪುಸ್ತಕ ತೆರೆದರು. ಓದಿದರು. ಪುಟ ತಿರುವಿದರು. ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಇದನ್ನ ಬರೆದವರು ಯಾರಮ್ಮಾ? ನನ್ನ ಅರ್ಧ ಕೆಲಸ ಅವರೇ ಮಾಡಿಬಿಟ್ಟಿದ್ದಾರೆ."

ಜೋರಾಗಿ ಓದಿದರು. ನಾನು ಮೊದಲ ಸಲ ಕೇಳಿದೆ.

ಜನವರಿ ಒಂಬತ್ತು. ಅರವತ್ತೈದು ಕಿಲೋ. ಇಳಿಸಿದ ಮೇಲೆ ಎಡ ಮೀನಖಂಡ, ಒಂದು ನಿಮಿಷ ಹತ್ತು ಸೆಕೆಂಡ್. ನೀರಿನ ಬಾಟಲಿ ತುಂಬಿತ್ತು, ತುಂಬಿದ ಹಾಗೇ ಮನೆಗೆ ಹೋಯಿತು.

ಜನವರಿ ಇಪ್ಪತ್ತು. ಎರಡೂ ಕಾಲು, ಎರಡು ನಿಮಿಷ. ಬಾಟಲಿ ತುಂಬಿದೆ.

ಜನವರಿ ಇಪ್ಪತ್ಮೂರು. ಐವತ್ತೈದಕ್ಕೇ ಬಂತು. ಬಾಟಲಿ ತುಂಬಿದೆ. ನೇರವಾಗಿ ಕೇಳಿದರೆ ನೊಂದುಕೊಳ್ಳುತ್ತಾರೆ.

ಫೆಬ್ರವರಿ ಎಂಟು. ಬಲ ಪಾದ, ಮೆಟ್ಟಿಲಲ್ಲಿ, ನಲವತ್ತು ಸೆಕೆಂಡ್. ಬಾಟಲಿ ತುಂಬಿದೆ. ಮೆಟ್ಟಿಲಿಗೆ ಹೆದರಿ ನೀರು ಬಿಟ್ಟಿದ್ದಾರೆ ಎಂದು ಕಾಣುತ್ತದೆ. ನನಗೆ ಮಂಡಿ ನೋವು ಎಂದು ಹೇಳಿ ಕೆಳಗಿನ ಬಾತ್‌ರೂಮ್ ತೆಗೆಸಿದ್ದೇನೆ. ಉಪಯೋಗಿಸಲಿಲ್ಲ. ಇನ್ನೇನು ಮಾಡುವುದು ತಿಳಿಯದು.

ಫಿಸಿಯೋ ಓದುತ್ತಲೇ ಇದ್ದರು. ನಾನು ಗೋಡೆಯ ಮೇಲಿದ್ದ ಬೆನ್ನುಮೂಳೆಯ ಚಿತ್ರ ನೋಡುತ್ತ ಕೂತೆ. ಕಿವಿ ಸುಡುತ್ತಿತ್ತು.

"ನೀರೊಂದೇ ಕಾರಣ ಅಂತ ಹೇಳಲಾರೆ," ಎಂದರು. "ವಯಸ್ಸಿದೆ, ಸ್ನಾಯು ದಣಿಯೋದಿದೆ. ಆದ್ರೆ ಈ ಮಾತ್ರೆ ಮೈಯಲ್ಲಿರೋ ನೀರನ್ನ ಹೊರಗೆ ಹಾಕುತ್ತೆ, ನೀವು ಒಳಗೆ ಹಾಕ್ತಾ ಇಲ್ಲ. ಮಾತ್ರೆ ವಿಷಯ ಡಾಕ್ಟರ್ ಹತ್ರ ಮಾತಾಡಿ, ನೀವಾಗಿ ನಿಲ್ಲಿಸಬೇಡಿ. ನೀರು ಕುಡೀರಿ. ಇನ್ನು ಆ ಇನ್ನೊಂದು ತೊಂದರೆ..." ದನಿ ತಗ್ಗಿಸಿದರು. "ಅದಕ್ಕೂ ವ್ಯಾಯಾಮ ಇದೆ. ಭಾರ ಎತ್ತೋ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಇರುತ್ತೆ. ನೀವೊಬ್ರೇ ಅಲ್ಲ."

ಎಷ್ಟೋ ಜನಕ್ಕೆ ಇರುತ್ತದಂತೆ. ನಾನೊಬ್ಬಳೇ ಎಂದುಕೊಂಡು ಬಾಯಿ ಒಣಗಿಸಿಕೊಂಡಿದ್ದೆ.

ಪುಸ್ತಕ ಮನೆಗೆ ತಂದು ನಾನೇ ಮೂರು ಸಲ ಓದಿದೆ. ಅವಳ ಅಕ್ಷರ ಈಗಲೂ ಮುತ್ತಿನ ಹಾಗೇ ಇದೆ. ನನ್ನ ತೂಕ ಒಂದು ಅರ್ಧ ಕಿಲೋ ಕೂಡ ಹೆಚ್ಚಿಲ್ಲ, ಕಡಿಮೆ ಇಲ್ಲ. ನನಗೆ ಅವಳ ಮೇಲೆ ಇಷ್ಟು ಕೋಪ ಯಾವತ್ತೂ ಬಂದಿರಲಿಲ್ಲ. ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಬೇಕೇ?

ಫೆಬ್ರವರಿ ೨೨, ಬುಧವಾರ

ಎರಡು ಲೋಟ ನೀರು ಕುಡಿದು ಹೋದೆ. ಹೋದವಳೇ ಕೆಳಗಿನ ಬಾತ್‌ರೂಮಿಗೆ ಹೋಗಿ ಬಂದೆ. ಯಾರೂ ತಿರುಗಿ ನೋಡಲಿಲ್ಲ.

ಆಮೇಲೆ ಕಪಾಟಿನಿಂದ ಓರಗಿತ್ತಿಯ ಪುಸ್ತಕ ತೆಗೆದು, ಕೋಚ್ ಮೇಜಿನ ಮೇಲಿಟ್ಟು, ನಾಲ್ಕು ಕಡೆ ಕೆಂಪು ಪೆನ್ನಿನಲ್ಲಿ ಹೊಡೆದು ಸರಿಯಾದದ್ದು ಬರೆದೆ. ಪಕ್ಕದಲ್ಲಿ ಸಹಿ ಹಾಕಿದೆ. ಓರಗಿತ್ತಿಯೂ ಅಲ್ಲೇ ನಿಂತಿದ್ದಳು, ಕರೆದೇ ನಿಲ್ಲಿಸಿದ್ದೆ.

"ತಪ್ಪಾಗಿ ಬರೆದಿದ್ರಾ?" ಎಂದಳು ಕೋಚ್.

"ಇಲ್ಲ. ಗೊತ್ತಿದ್ದೇ ಬರೆದೆ," ಎಂದೆ.

ಕೋಚ್ ಕೆಂಪು ಗೆರೆಗಳನ್ನು ಒಂದೊಂದಾಗಿ ನೋಡಿದಳು. ಓರಗಿತ್ತಿ ಮಾತ್ರ ಏನೂ ಆಗದ ಹಾಗೆ, "ನಂಗೆ ಗೊತ್ತಿತ್ತು," ಎಂದಳು.

"ಏನು ಗೊತ್ತಿತ್ತು?"

"ಬಾರ್ ಮೇಲಿರೋ ಪ್ಲೇಟ್ ಎಣಿಸೋಕೆ ನಂಗೂ ಬರುತ್ತೆ ಅಕ್ಕ. ಮೊದಲನೇ ದಿನಾನೇ ನೋಡಿದೆ."

"ಮತ್ತೆ ಬಾಯಿ ಬಿಡೋಕೇನಾಗಿತ್ತು? ಇಲ್ಲೇ ಕೇಳಬಹುದಿತ್ತಲ್ಲ? ಜುಟ್ಟು ಹಿಡಿದು ಕೇಳಬಹುದಿತ್ತಲ್ಲ?"

"ಕಾಲು ಹಿಡ್ಕೊಂಡು ಒದ್ದಾಡ್ತಿರೋರ ಹತ್ರ ಏನಂತ ಜಗಳ ಆಡ್ಲಿ? ಕಾಲು ಸರಿ ಹೋಗ್ಲಿ, ಆಮೇಲೆ ಆಡೋಣ ಅಂದ್ಕೊಂಡೆ." ಆಮೇಲೆ ಇದನ್ನೂ ಹೇಳಿದಳು. "ಜಾಗ ನಂಗೆ ಬೇಡ ಅಂತೆಲ್ಲ ಹೇಳಲ್ಲ. ನಂಗೂ ತುಂಬಾ ಆಸೆ ಇದೆ."

ಕೋಚ್ ಪುಸ್ತಕ ಮುಚ್ಚಿದಳು. ಹೆಸರು ಬದಲಾಯಿಸಲು ಇನ್ನೂ ಎರಡು ದಿನ ಸಮಯ ಇದೆ, ಚಿಕ್ಕ ಆಂಟಿ ಹೋಗಲಿ ಎಂದಳು. ನನ್ನ ಕಡೆ ತಿರುಗಿ, "ಅವರ ಜೊತೆ ಸಹಾಯಕ್ಕೆ ನೀವು ಹೋಗ್ಬೇಕು. ಬೆಲ್ಟ್ ಕಟ್ಟೋದು, ತೂಕ ಕೊಡೋದು, ಎಲ್ಲ ನೀವೇ. ಜೋಡಿ ಅಂದ್ರೆ ಜೋಡಿ," ಎಂದಳು. ಇದಕ್ಕಿಂತ ಜಿಮ್‌ನಿಂದ ಓಡಿಸಿದ್ದರೆ ಚೆನ್ನಾಗಿತ್ತು.

ನಮ್ಮವರಿಗೆ ಹೇಳಿದೆ. ಎಲ್ಲವನ್ನೂ ಹೇಳಿದೆ. ತಮಾಷೆ ಮಾಡಲಿಲ್ಲ. ಒಂದು ಲೋಟ ನೀರು ತಂದು ಮುಂದೆ ಇಟ್ಟು ಹೋದರು.

ಮಾರ್ಚ್ ೩, ಶುಕ್ರವಾರ

ಡಾಕ್ಟರ್ ಮಾತ್ರೆ ಬದಲಾಯಿಸಿದ್ದಾರೆ. ಒಂಬತ್ತು ದಿನದಲ್ಲಿ ಒಂದೇ ಸಲ ಸೆಳೆತ, ಅದೂ ಹೀಗೆ ಬಂದು ಹಾಗೆ ಹೋಯಿತು. ಬರುವ ಸೂಚನೆ ಈಗ ಮೊದಲೇ ತಿಳಿಯುತ್ತದೆ. ಮೀನಖಂಡದ ಮೇಲೆ ಚರ್ಮ ಅದುರುತ್ತದೆ, ಇರುವೆ ನಡೆದ ಹಾಗೆ. ಆಗ ಹಟ ಮಾಡಬಾರದು. ಬಲವಂತ ಮಾಡಿದರೆ ಸ್ನಾಯು ಹರಿಯಬಹುದು ಎಂದು ಫಿಸಿಯೋ ಹೇಳಿದ್ದಾರೆ.

ಅವಳು ಎಪ್ಪತ್ತೆರಡೂವರೆ ಪ್ರಯತ್ನಿಸಿದಳು, ಬರಲಿಲ್ಲ. ನನ್ನ ಎಪ್ಪತ್ತೆರಡೂವರೆ. ಬರಲಿಲ್ಲ ಎಂದಾಗ ನನ್ನ ಹೊಟ್ಟೆ ತಣ್ಣಗಾಯಿತು. ಬಾರ್ ಅವಳ ದೇಹದಿಂದ ಒಂದಂಗುಲ ದೂರ ಹೋಗುತ್ತಿತ್ತು, ಅದಕ್ಕೇ ಬರುತ್ತಿಲ್ಲ ಎಂದು ನನಗೆ ಕಂಡಿತು. ಹೇಳಬಾರದು ಎಂದುಕೊಂಡೆ. ಮೂರನೆಯ ಸಲಕ್ಕೆ ತಡೆಯಲಾಗಲಿಲ್ಲ, "ಕಾಲಿಗೆ ಉಜ್ಜಿಕೊಂಡು ಬರಲಿ ಕಣೇ, ಅಷ್ಟು ದೂರ ಯಾಕೆ ಹಿಡೀತೀಯ," ಎಂದು ಕಿರುಚಿದೆ. ಎತ್ತಿಬಿಟ್ಟಳು. ನನ್ನ ಬಾಯಿಗೆ ಬೆಂಕಿ ಬೀಳಲಿ.

ವಾಪಸು ನಡೆದು ಬರುವಾಗ ಅವಳು ಒಂದು ಮಾತು ಹೇಳಿದಳು. ಮದುವೆಯಾಗಿ ಬಂದ ಹೊಸತರಲ್ಲಿ ನೀರು ಕುಡಿದು ಕಲ್ಲಿನಂತಾಗಿದ್ದ ದೊಡ್ಡ ಹಾಸಿಗೆಯನ್ನು ನಾನು ಒಬ್ಬಳೇ ಎತ್ತಿ ಗೋಡೆಯ ಮೇಲೆ ಹಾಕಿದೆನಂತೆ. "ಇಡೀ ಮನೆ ನನ್ನ ಅಕ್ಷರ ಹೊಗಳ್ತಿತ್ತು, ನಂಗೆ ನಿಮ್ಮ ತೋಳು ಕಂಡ್ರೆ ಹೊಟ್ಟೆ ಉರೀತಿತ್ತು," ಎಂದಳು.

ಮೂವತ್ತೆಂಟು ವರ್ಷ ಮೊದಲೇ ಹೇಳಿದ್ದರೆ ನಾನು ಎಷ್ಟು ಸುಖವಾಗಿರುತ್ತಿದ್ದೆ!

ಮಾರ್ಚ್ ೧೨, ಭಾನುವಾರ

ದೊಡ್ಡ ಸಭಾಂಗಣ, ತಣ್ಣನೆ ಸ್ಟೀಲ್ ಕುರ್ಚಿಗಳು. ನಮ್ಮ ಸರದಿ ಬರುವ ಹೊತ್ತಿಗೆ ನಾಲ್ಕು ಗಂಟೆ ಕೂತಿದ್ದೆವು. ಅವಳು ಗಾಬರಿಗೆ ಏನನ್ನೂ ಬಾಯಿಗೆ ಹಾಕಲಿಲ್ಲ. ನಾನು ಬಾಟಲಿ ಹಿಡಿದುಕೊಂಡು ಹಿಂದೆ ಹಿಂದೆ ಸುತ್ತಿದೆ. ಎರಡು ಗುಟುಕು ಕುಡಿದು ತಳ್ಳಿಬಿಟ್ಟಳು.

ಆರು ಜನ ಹೆಂಗಸರು, ಒಬ್ಬೊಬ್ಬರಿಗೆ ಮೂರು ಅವಕಾಶ. ಅವಳು ಮೊದಲು ಅರವತ್ತೈದು ಎತ್ತಿದಳು, ಎರಡನೆಯದು ಎಪ್ಪತ್ತು. ಬಿಳಿ ಕೂದಲಿನ ಎತ್ತರದ ಒಬ್ಬಾಕೆ ಎಪ್ಪತ್ತೆರಡೂವರೆ ಎತ್ತಿ ಮುಂದಿದ್ದಳು. ಆಕೆಯ ಮೂರನೆಯದು ತಪ್ಪಿತು. ಇನ್ನು ಉಳಿದದ್ದು ನಮ್ಮದೊಂದೇ. ಎಪ್ಪತ್ತೈದು ಬರೆದುಕೊಟ್ಟೆವು. ಬಂದರೆ ಚಿನ್ನ. ಬಂದರೆ ನನ್ನ ಎಪ್ಪತ್ತೆರಡೂವರೆಯೂ ಹಿಂದೆ ಬೀಳುತ್ತದೆ.

ಪರದೆಯ ಹಿಂದೆ ನಾನು ಅವಳ ಬೆಲ್ಟ್ ಬಿಗಿಯುತ್ತಿದ್ದೆ. ಅವಳು ಎಡಗಾಲನ್ನು ಒಮ್ಮೆ ಎತ್ತಿಟ್ಟಳು. ಮತ್ತೊಮ್ಮೆ ಎತ್ತಿಟ್ಟಳು. ಕೂತು ನೋಡಿದೆ. ಮೀನಖಂಡದ ಚರ್ಮ ಅದುರುತ್ತಿತ್ತು. ಕೈಯಿಟ್ಟೆ. ಒಳಗೆ ಗಂಟು, ಕಲ್ಲಿನ ಹಾಗೆ. ಅವಳು ಹಲ್ಲು ಕಚ್ಚಿ ನನ್ನ ಭುಜ ಹಿಡಿದುಕೊಂಡಳು. ಬೆರಳುಗಳನ್ನು ಹಿಂದಕ್ಕೆ ಒತ್ತಿದೆ, ಹಿಮ್ಮಡಿ ಹಿಡಿದೆ, ಉಸಿರು ಬಿಡು ಎಂದೆ. ಗಂಟು ಸಡಿಲವಾಯಿತು, ಮತ್ತೆ ಬಿಗಿಯಿತು. ಸಡಿಲವಾಯಿತು, ಬಿಗಿಯಿತು.

ಹೊರಗೆ ಪ್ಲೇಟು ಹಾಕುವ ಸದ್ದು ಕೇಳುತ್ತಿತ್ತು. ಕರೆ ಬರಲು ಒಂದು ನಿಮಿಷ ಇತ್ತೋ ಏನೋ.

"ಎತ್ಲಾ, ಬೇಡ್ವಾ?" ಎಂದಳು. "ಬೇಗ ಹೇಳಿ ಅಕ್ಕ."

ನನ್ನ ಕೈ ಅವಳ ಕಾಲ ಮೇಲಿತ್ತು. ಆ ಕಾಲಿನ ವಿಷಯ ಆ ಸಭಾಂಗಣದಲ್ಲಿ ನನ್ನಷ್ಟು ಬಲ್ಲವರು ಯಾರೂ ಇರಲಿಲ್ಲ. ಬೇಡ ಎಂದು ಕೈ ಹೇಳುತ್ತಿತ್ತು. ಆದರೆ ಬೇಡ ಎನ್ನಲು ನನಗೆ ಎಷ್ಟು ಇಷ್ಟವಿತ್ತು ಎಂಬುದೂ ನನಗೆ ಗೊತ್ತಿತ್ತು. ಎತ್ತು ಎಂದುಬಿಟ್ಟರೆ ನಾನು ಒಳ್ಳೆಯವಳಾಗುತ್ತೇನೆ, ಅವಳ ಕಾಲು ಹರಿಯುತ್ತದೆ. ಬೇಡ ಎಂದರೆ ಕಾಲು ಉಳಿಯುತ್ತದೆ, ನನ್ನ ತೂಕವೂ ಉಳಿಯುತ್ತದೆ. ಯಾವುದು ಕಾಲಿನ ಮಾತು, ಯಾವುದು ಹೊಟ್ಟೆಯ ಮಾತು ಎಂದು ನನಗೇ ಬಿಡಿಸಲಾಗಲಿಲ್ಲ.

"ಬೇಡ," ಎಂದೆ.

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಏನೂ ಕೇಳದೆ ಬೆಲ್ಟ್ ಬಿಚ್ಚಿ ನನ್ನ ಕೈಗೆ ಕೊಟ್ಟಳು. ನಾನು ಹೊರಗೆ ಹೋಗಿ ಮೇಜಿನವರಿಗೆ, ನಮ್ಮ ಜಿಮ್‌ನವರು ಎತ್ತುತ್ತಿಲ್ಲ ಎಂದು ಹೇಳಿ ಬಂದೆ. ಬೆಳ್ಳಿ ಸಿಕ್ಕಿತು. ಬಿಳಿ ಕೂದಲಿನ ಆ ಹೆಂಗಸಿಗೆ ಚಿನ್ನ ಹಾಕುವಾಗ ನನಗೆ ಕಣ್ಣಲ್ಲಿ ನೀರು ಬಂತು. ಆ ಚಿನ್ನ ನಮ್ಮದು.

ಮಾರ್ಚ್ ೧೩, ಸೋಮವಾರ

ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವಳೇ ಅವಳ ಮನೆಗೆ ಹೋದೆ. ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು. ಕುಂಟುವಿಕೆ ಅಷ್ಟೇ, ಊತವಿಲ್ಲ. ಪದಕವನ್ನು ಕಿಟಕಿಯ ಚಿಲಕಕ್ಕೆ ನೇತುಹಾಕಿದ್ದಳು. ಅದನ್ನು ನೋಡಿ ಹೊಟ್ಟೆ ಒಂದಿಷ್ಟು ಉರಿಯಿತು, ಅದು ಬೇರೆ ಮಾತು.

ಕೂರಲಿಲ್ಲ. ನಿಂತುಕೊಂಡೇ ಕೇಳಿದೆ. "ನಿನ್ನೆ ನಾನು ಬೇಡ ಅಂದಾಗ ಅದು ಹೇಗೆ ನಂಬಿದೆ? ನಾಲ್ಕು ಸಲ ನಿನಗೆ ಮೋಸ ಮಾಡಿದವಳು ನಾನು. ಹೊಟ್ಟೆಕಿಚ್ಚಿಗೆ ಬೇಡ ಅಂದಿದ್ರೆ?"

ಅವಳು ನಕ್ಕಳು. "ಅಕ್ಕ, ನೀವು ನನ್ನ ಪುಸ್ತಕದಲ್ಲಿ ಸುಳ್ಳು ಬರೆಯೋವಾಗೆಲ್ಲ ನಾಲಿಗೆ ತುದೀನ ಹಲ್ಲಲ್ಲಿ ಕಚ್ಕೋತಿದ್ರಿ. ಆ ಗೋಡೆ ಕನ್ನಡಿಯಲ್ಲಿ ನಾಲ್ಕು ಸಲಾನೂ ನೋಡಿದ್ದೀನಿ. ಅತ್ತೆ ಹತ್ರ ಸುಳ್ಳು ಹೇಳೋವಾಗ್ಲೂ ಹಾಗೇ ಮಾಡ್ತಿದ್ರಿ. ನಿನ್ನೆ ಕಚ್ಕೊಂಡಿರಲಿಲ್ಲ."

"ಸರಿಯಾಗಿ ನೋಡಿದ್ಯಾ?" ಎಂದೆ.

"ನೋಡಿದೆ. ಇರಲಿಲ್ಲ."

ಕುರ್ಚಿ ಎಳೆದುಕೊಂಡು ಕೂತೆ. ಅವಳ ಕಾಲನ್ನು ನನ್ನ ಮಡಿಲಿಗೆ ತೆಗೆದುಕೊಂಡೆ. ಮೀನಖಂಡ ಒತ್ತುತ್ತ ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆಯೂ ಇರಲಿಲ್ಲ ಎಂದಳು.